ಬರಿದಾದ ಕೊಟ್ಟಿಗೆ: ದುಃಖ ಯಾರದು, ಹೊಣೆ ಯಾರದು?



ರೈತನ ಸಾಲ, ಬೆಳೆಯ ಬೆಲೆ, ಭೂಮಿಯ ಹಕ್ಕು ಇವುಗಳ ಕುರಿತು ಪ್ರಗತಿಪರ ವೇದಿಕೆಗಳಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ರೈತನ ಕೊಟ್ಟಿಗೆ ಬರಿದಾದಾಗ ಆ ಮನೆಯವರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬ ಪ್ರಶ್ನೆ ಮಾತ್ರ ಅಪರೂಪವಾಗಿ ಕೇಳಿಬರುತ್ತದೆ. ಸಾಕಿದ ಪ್ರಾಣಿಗಳನ್ನು ಕಳೆದುಕೊಂಡವರ ದುಃಖ, ಆ ದುಃಖದ ಬೆನ್ನಿಗೇ ಬರುವ "ಎಲ್ಲವೂ ನನ್ನಿಂದಲೇ ಆಯಿತು" ಎಂಬ ಸ್ವನಿಂದೆ, ಇವೆರಡೂ ಇಂದಿನ ಉಪನ್ಯಾಸದ ವಿಷಯ. ಇವು ಒಟ್ಟಿಗೆ ಬರುವುದರಿಂದ ಒಂದೇ ಎಂದು ತೋರುತ್ತವೆ. ಆದರೆ ದುಃಖ ಪ್ರೀತಿಯಿಂದ ಹುಟ್ಟಿದ್ದು. ಅದಕ್ಕೆ ಬೇಕಾದದ್ದು ಮಾನ್ಯತೆ. ಸ್ವನಿಂದೆ ಒಂದು ತೀರ್ಪು. ಅದಕ್ಕೆ ಬೇಕಾದದ್ದು ವಿಚಾರಣೆ. ಸಾಕ್ಷ್ಯಗಳನ್ನು ನೋಡದೆ, ಇತರ ಪಾಲುದಾರರನ್ನು ಕರೆಯದೆ, ನೊಂದ ವ್ಯಕ್ತಿ ತನ್ನ ಮೇಲೆ ತಾನೇ ಕೊಟ್ಟುಕೊಳ್ಳುವ ತೀರ್ಪು ಅದು. ಆದಕಾರಣ ಇದು ಕೇವಲ ಮನಶ್ಶಾಸ್ತ್ರದ ವಿಷಯವಲ್ಲ, ರಾಜಕಾರಣದ ವಿಷಯವೂ ಹೌದು.

ಈ ಮಾತನ್ನು ಪರಿಶೀಲಿಸಲು ಬ್ರಿಟನ್ನಿನ 2001ರ ಕಾಲುಬಾಯಿ ರೋಗದ ಪ್ರಸಂಗವನ್ನು ಮೊದಲು ನೋಡಬಹುದು. ಪ್ರಾಣಿಗಳ ಸಾಮೂಹಿಕ ಸಾವು ಮನುಷ್ಯರ ಮೇಲೆ ಮಾಡುವ ಪರಿಣಾಮ ಅಲ್ಲಿ ದಾಖಲಾದಷ್ಟು ವಿವರವಾಗಿ ಬೇರೆ ಕಡೆ ದಾಖಲಾದದ್ದು ಕಡಿಮೆ. ಮೇಲಾಗಿ, ಅದೇ ರೋಗ ಕರ್ನಾಟಕದ ಕೊಟ್ಟಿಗೆಗಳಿಗೂ ಹೊಸದಲ್ಲ.

2001ರ ಫೆಬ್ರುವರಿ 20ರಂದು ಎಸೆಕ್ಸ್ ಪ್ರಾಂತ್ಯದ ಒಂದು ಕಸಾಯಿಖಾನೆಗೆ ಬಂದಿದ್ದ ಹಂದಿಗಳಲ್ಲಿ ರೋಗ ದೃಢಪಟ್ಟಿತು. ಅದರ ಮೂಲವನ್ನು ಹುಡುಕುತ್ತ ಹೋದವರು ಉತ್ತರದ ನಾರ್ತಂಬರ್ಲೆಂಡಿನ ಒಂದು ಹಂದಿ ಸಾಕಣೆ ಕೇಂದ್ರವನ್ನು ತಲುಪಿದರು. ಅಷ್ಟರೊಳಗೆ ಹೆಕ್ಸಮ್ ಮತ್ತು ಲಾಂಗ್‌ಟೌನ್ ಸಂತೆಗಳ ಮೂಲಕ ಕುರಿಗಳು ದೇಶದ ಉದ್ದಗಲಕ್ಕೂ ಹರಡಿಹೋಗಿದ್ದವು. ಮೊದಲ ಪ್ರಕರಣ ದೃಢಪಟ್ಟ ದಿನಕ್ಕೆ ಕನಿಷ್ಠ 57 ಹೊಲಮನೆಗಳಿಗೆ ಸೋಂಕು ತಗುಲಿಯಾಗಿತ್ತು ಎಂದು ಬಳಿಕದ ಪರಿಶೀಲನೆಗಳು ತಿಳಿಸಿದವು. ಸೆಪ್ಟೆಂಬರ್ 30ರಂದು ಕೊನೆಯ ಪ್ರಕರಣ ಕಾಣಿಸಿಕೊಳ್ಳುವ ಹೊತ್ತಿಗೆ ಸೋಂಕಿತ ತಾಣಗಳ ಸಂಖ್ಯೆ 2,000 ದಾಟಿತ್ತು. ಕೊಲ್ಲಲಾದ ಪ್ರಾಣಿಗಳ ಸಂಖ್ಯೆ 60 ಲಕ್ಷ ಮೀರಿತ್ತು. ಸೈನ್ಯವನ್ನು ಕರೆಸಲಾಯಿತು. ಮೇ 3ಕ್ಕೆಂದು ನಿರೀಕ್ಷಿಸಿದ್ದ ಸಾರ್ವತ್ರಿಕ ಚುನಾವಣೆ ಜೂನ್ 7ಕ್ಕೆ ಹೋಯಿತು.

ಸತ್ತ ಪ್ರಾಣಿಗಳಲ್ಲಿ ಬಹುಪಾಲು ರೋಗ ತಗುಲಿದವಲ್ಲ. ಸೋಂಕು ಕಂಡ ಹೊಲಮನೆಯ ಪ್ರಾಣಿಗಳನ್ನು 24 ಗಂಟೆಗಳೊಳಗೆ, ಅದಕ್ಕೆ ತಾಗಿಕೊಂಡ ಹೊಲಮನೆಗಳ ಪ್ರಾಣಿಗಳನ್ನು 48 ಗಂಟೆಗಳೊಳಗೆ ಕೊಲ್ಲಬೇಕು ಎಂಬುದು ಸರ್ಕಾರದ ನೀತಿಯಾಗಿತ್ತು. ಬೇಲಿಯಾಚೆಯ ಮನೆಗೆ ರೋಗ ಬಂದದ್ದಕ್ಕೆ ಈಚೆಯ ಮನೆಯ ಆರೋಗ್ಯವಂತ ಮಂದೆಯೂ ನೆಲಕ್ಕುರುಳಿತು. ಅತಿ ಹೆಚ್ಚು ಪೆಟ್ಟು ತಿಂದದ್ದು ಕಂಬ್ರಿಯ. ಅಲ್ಲಿನ ಗ್ರೇಟ್ ಆರ್ಟನ್ ಎಂಬ ಹಳೆಯ ವಿಮಾನ ನಿಲ್ದಾಣದಲ್ಲಿ ಉದ್ದುದ್ದದ ಕಂದಕಗಳನ್ನು ತೋಡಿ ನಾಲ್ಕು ಲಕ್ಷಕ್ಕೂ ಹೆಚ್ಚು ಕಳೇಬರಗಳನ್ನು ಹೂಳಲಾಯಿತು. ಬೇರೆಡೆ ಚಿತೆಗಳು ದಿನಗಟ್ಟಲೆ ಉರಿದವು. ಡೆವನ್ ಪ್ರಾಂತ್ಯದಲ್ಲಿ ಕೊಂದ ದನಗಳ ನಡುವೆ ಐದು ದಿನಗಳ ಬಳಿಕವೂ ಜೀವಂತವಾಗಿ ಸಿಕ್ಕ ಒಂದು ಬಿಳಿ ಕರುವಿಗೆ ಫೀನಿಕ್ಸ್ ಎಂದು ಹೆಸರಿಟ್ಟು ಪತ್ರಿಕೆಗಳು ಮುಖಪುಟದಲ್ಲಿ ಚಿತ್ರ ಹಾಕಿದವು. ಆ ಒಂದು ಕರುವಿನ ಮುಖ ಕಂಡ ಮೇಲೆ ಸರ್ಕಾರ ತನ್ನ ನೀತಿಯನ್ನು ಸಡಿಲಿಸಿತು. ಲಕ್ಷದ ಲೆಕ್ಕ ಮಾಡಲಾಗದ್ದನ್ನು ಹೆಸರಿದ್ದ ಒಂದು ಕರು ಮಾಡಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೇಗೂ ಮಾಂಸಕ್ಕೆಂದು ಸಾಕಿದ ಪ್ರಾಣಿಗಳಲ್ಲವೇ? ಇಂದಲ್ಲ ನಾಳೆ ಕಸಾಯಿಖಾನೆಗೆ ಹೋಗಬೇಕಾಗಿದ್ದವುಗಳಿಗಾಗಿ ಇಷ್ಟೊಂದು ದುಃಖವೇಕೆ? ಪೇಟೆಯ ಜನ ಈ ಪ್ರಶ್ನೆಯನ್ನು ಅಂದೂ ಕೇಳಿದರು. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ಉತ್ತರ ಹುಡುಕಿದರು. ಕಂಬ್ರಿಯದ 54 ಮಂದಿ ಹದಿನೆಂಟು ತಿಂಗಳ ಕಾಲ ವಾರವಾರವೂ ದಿನಚರಿ ಬರೆದರು. ಅವರಲ್ಲಿ ರೈತರಷ್ಟೇ ಅಲ್ಲ, ಕೊಲ್ಲುವ, ಹೂಳುವ, ಸಾಗಿಸುವ ಕೆಲಸಕ್ಕೆ ನಿಯುಕ್ತರಾದವರು, ಸಣ್ಣ ವ್ಯಾಪಾರಿಗಳು, ಆರೋಗ್ಯ ಕಾರ್ಯಕರ್ತರೂ ಇದ್ದರು. ಆ ದಿನಚರಿಗಳಿಂದ ಹೊರಬಂದ ತಿಳಿವಳಿಕೆ ಇಷ್ಟು: ಜಾನುವಾರು ಸಾಕುವವನಿಗೆ ಸಾವು ಅಪರಿಚಿತವಲ್ಲ. ಆದರೆ ಸಾವಿಗೆ ಒಂದು ಹೊತ್ತು, ಒಂದು ಜಾಗ, ಒಂದು ಅಳತೆ ಇದೆ. ಈದ ತಾಯಿಕುರಿ ಮರಿಯೊಡನೆ ಅಂಗಳದಲ್ಲೇ ಸಾಯುವುದು, ಹುಟ್ಟಿಸಲು ರಾತ್ರಿ ನಿದ್ದೆಗೆಟ್ಟ ಕೈಗಳೇ ಅದನ್ನು ಕೊಲ್ಲುವವರ ಮುಂದೆ ಹಿಡಿದು ನಿಲ್ಲಿಸುವುದು, ಒಂದು ಮಧ್ಯಾಹ್ನದಲ್ಲಿ ಇಡೀ ಮಂದೆ ಇಲ್ಲವಾಗುವುದು ಆ ಕ್ರಮದೊಳಗೆ ಬರುವುದಿಲ್ಲ. ಆ ಸಾವು ತಪ್ಪು ಜಾಗದಲ್ಲಿ ನಡೆದ ಸಾವು. ಅದನ್ನು ಕಂಡವರಿಗೆ ನಿದ್ದೆ ಹತ್ತದಿರುವುದು, ಕಂಡದ್ದೇ ಮತ್ತೆ ಮತ್ತೆ ಕಣ್ಣಮುಂದೆ ಬರುವುದು, ಅಧಿಕಾರಿಗಳ ಮೇಲಿನ ನಂಬಿಕೆ ಕುಸಿಯುವುದು ತಿಂಗಳುಗಟ್ಟಲೆ ಮುಂದುವರಿಯಿತು.

ಕಂಬ್ರಿಯದ ಗುಡ್ಡಗಳಲ್ಲಿ ಹರ್ಡ್ವಿಕ್ ಎಂಬ ಕುರಿತಳಿಯಿದೆ. ಬೇಲಿಯಿಲ್ಲದ ಬೆಟ್ಟದಲ್ಲಿ ಮೇದರೂ ಈ ಕುರಿಗಳು ತಮ್ಮ ಪಾಲಿನ ಇಳಿಜಾರನ್ನು ಬಿಟ್ಟು ಹೋಗುವುದಿಲ್ಲ. ಯಾವ ಬಂಡೆಯ ಮರೆಯಲ್ಲಿ ಗಾಳಿ ತಗುಲದು, ಎಲ್ಲಿಯವರೆಗೆ ತಮ್ಮ ಹುಲ್ಲು ಎಂಬುದನ್ನು ತಾಯಿ ಮರಿಗೆ ಕಲಿಸುತ್ತದೆ. ಆ ಮರಿ ಮುಂದೆ ತನ್ನ ಮರಿಗೆ ಕಲಿಸುತ್ತದೆ. ಅಂಥ ಮಂದೆ ಸತ್ತಾಗ ತಲೆಮಾರುಗಳ ನೆಲದರಿವೂ ಸತ್ತಿತು. ಸಂತೆಯಿಂದ ಹೊಸ ಕುರಿ ತರಬಹುದು. ಆ ಬೆಟ್ಟವನ್ನು ಬಲ್ಲ ಕುರಿಯನ್ನು ತರಲಾಗದು. ಸರ್ಕಾರ ನೂರು ಕೋಟಿ ಪೌಂಡಿಗೂ ಹೆಚ್ಚು ಪರಿಹಾರ ಕೊಟ್ಟಿತು. ಆ ಹಣ ಅನೇಕ ಕುಟುಂಬಗಳನ್ನು ಉಳಿಸಿತೆಂಬುದು ನಿಜ. ಆದರೆ ಹಣ ಬಂದ ಕೂಡಲೇ ದುಃಖದ ಅವಧಿಯೂ ಮುಗಿಯಿತೆಂದು ಲೋಕ ಭಾವಿಸಿತು. ಸಮಾಜ ಒಪ್ಪದ, ಶೋಕಾಚರಣೆಗೆ ಜಾಗ ಕೊಡದ ಇಂಥ ದುಃಖವನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕ ಹಕ್ಕು ಕಳೆದುಕೊಂಡ ದುಃಖವೆಂದು ಗುರುತಿಸಿದ್ದಾರೆ. ಮನುಷ್ಯ ಸತ್ತರೆ ಊರು ಬಂದು ಕೂರುತ್ತದೆ. ಹಸು ಸತ್ತರೆ "ಇನ್ನೊಂದು ತಂದರಾಯಿತು" ಎನ್ನುತ್ತದೆ.

ಈಗ ಸ್ವನಿಂದೆಯ ವಿಷಯಕ್ಕೆ ಬರಬಹುದು. ರೋಗ ಬಂದ ಮನೆಯವರು ತಮಗೆ ತಾವೇ ಹಾಕಿಕೊಳ್ಳುವ ಪ್ರಶ್ನೆಗಳು ಎಲ್ಲ ದೇಶಗಳಲ್ಲೂ ಒಂದೇ ಬಗೆಯವು. ಆ ವಾರ ಸಂತೆಗೆ ಹೋಗದಿದ್ದರೆ? ಮೇವಿನ ಗಾಡಿಯನ್ನು ಅಂಗಳದೊಳಗೆ ಬಿಡದಿದ್ದರೆ? ಜೊಲ್ಲು ಸುರಿದಾಗಲೇ ವೈದ್ಯರನ್ನು ಕರೆದಿದ್ದರೆ? ಈ ಪ್ರಶ್ನೆಗಳಲ್ಲಿ ಒಂದು ಮೋಸವಿದೆ. ಅವು ಇಂದಿನ ತಿಳಿವಳಿಕೆಯನ್ನು ನಿನ್ನೆಯ ಮನುಷ್ಯನ ಕೈಗೆ ಕೊಟ್ಟು ಅವನನ್ನು ಕಟಕಟೆಗೆ ನಿಲ್ಲಿಸುತ್ತವೆ. ಕಾಲುಬಾಯಿ ರೋಗದ ವೈರಾಣು ಗಾಳಿಯಲ್ಲಿ, ಬಟ್ಟೆಯಲ್ಲಿ, ವಾಹನದ ಗಾಲಿಯಲ್ಲಿ ಸಾಗುತ್ತದೆ. ಲಕ್ಷಣಗಳು ಕಾಣುವ ಮೊದಲೇ ಪ್ರಾಣಿ ಅದನ್ನು ಹೊರಸೂಸಬಲ್ಲದು. ಕುರಿಗಳಲ್ಲಂತೂ ಲಕ್ಷಣಗಳು ಎಷ್ಟು ಸೌಮ್ಯವೆಂದರೆ ಅನುಭವಿ ಕಣ್ಣಿಗೂ ತಪ್ಪಿಹೋಗುತ್ತವೆ. 57 ಹೊಲಮನೆಗಳಿಗೆ ಸೋಂಕು ತಗುಲಿದಾಗ ರೋಗ ದೇಶದೊಳಗಿದೆ ಎಂಬುದನ್ನು ಸರ್ಕಾರವೇ ಅರಿತಿರಲಿಲ್ಲ. ಸರ್ಕಾರಕ್ಕೆ ಗೊತ್ತಿಲ್ಲದ್ದು ಸಂತೆಯಲ್ಲಿ ನಿಂತ ಕುರಿಗಾರನಿಗೆ ಗೊತ್ತಿರಬೇಕಿತ್ತು ಎನ್ನುವುದು ಯಾವ ನ್ಯಾಯ?

ಆದರೆ ಯಾರ ತಪ್ಪೂ ಇಲ್ಲ ಎಂದು ಹೇಳಿಬಿಡುವುದೂ ಸತ್ಯವಲ್ಲ. ರೋಗದ ಮೂಲವಾದ ಸಾಕಣೆ ಕೇಂದ್ರದಲ್ಲಿ ಉಳಿಕೆ ಆಹಾರವನ್ನು ಸರಿಯಾಗಿ ಬೇಯಿಸದೆ ಹಂದಿಗಳಿಗೆ ತಿನ್ನಿಸಿದ್ದು ಸಾಬೀತಾಗಿ, ನ್ಯಾಯಾಲಯ ಅಲ್ಲಿನ ರೈತನಿಗೆ ಶಿಕ್ಷೆ ವಿಧಿಸಿತು. ಅದೇ ಹೊತ್ತಿಗೆ, ಅಂಥ ಆಹಾರ ತಿನ್ನಿಸಲು ಪರವಾನಗಿ ಕೊಡುತ್ತಿದ್ದುದು ಸರ್ಕಾರ; ಆ ಪದ್ಧತಿಯನ್ನು ಅದು ನಿಷೇಧಿಸಿದ್ದು 2001ರ ಮೇ ತಿಂಗಳಲ್ಲಿ. ದೇಶದಾದ್ಯಂತ ಪ್ರಾಣಿ ಸಾಗಾಟವನ್ನು ನಿಲ್ಲಿಸಿದ್ದು ರೋಗ ದೃಢಪಟ್ಟ ಮೂರು ದಿನಗಳ ನಂತರ. ಸಣ್ಣ ಕಸಾಯಿಖಾನೆಗಳು ಮುಚ್ಚಿ, ಪ್ರಾಣಿಗಳು ನೂರಾರು ಮೈಲಿ ಪಯಣಿಸಬೇಕಾದದ್ದು ಮಾರುಕಟ್ಟೆ ವ್ಯವಸ್ಥೆಯ ಫಲ. ಲಸಿಕೆಯ ದಾರಿಯನ್ನು ಹಿಡಿಯದಿರುವುದಕ್ಕೆ ರಫ್ತಿನ ಲೆಕ್ಕಾಚಾರವೂ ಒಂದು ಕಾರಣವಾಗಿತ್ತು. ಮತ್ತೆ 2007ರಲ್ಲಿ ಸರ್ರೆ ಪ್ರಾಂತ್ಯದಲ್ಲಿ ಅದೇ ರೋಗ ಕಾಣಿಸಿಕೊಂಡಾಗ, ವೈರಾಣು ಹೊರಬಂದದ್ದು ಪಿರ್ಬ್ರೈಟ್‌ನ ಪ್ರಯೋಗಾಲಯಗಳ ಆವರಣದಿಂದ ಎಂದು ತನಿಖೆ ಹೇಳಿತು. ಸೋರುತ್ತಿದ್ದ ಹಳೆಯ ಚರಂಡಿ ಕೊಳವೆಗಳತ್ತ ಅದು ಬೆರಳು ತೋರಿತು. ಆ ಪ್ರಯೋಗಾಲಯಗಳಿದ್ದದ್ದು ಇದೇ ರೋಗದ ಸಂಶೋಧನೆಗಾಗಿ, ಇದರ ಲಸಿಕೆಗಾಗಿ. ಸರ್ರೆಯ ರೈತ ತನ್ನ ಬೂಟನ್ನು ಎಷ್ಟು ಸಲ ತೊಳೆದಿದ್ದರೂ ಆ ಕೊಳವೆಯನ್ನು ಮುಚ್ಚಲು ಅವನಿಂದ ಆಗುತ್ತಿರಲಿಲ್ಲ.

ಹೀಗಿದ್ದೂ ಜನ ತಮ್ಮನ್ನೇ ದೂರಿಕೊಳ್ಳುವುದೇಕೆ? ಅಸಹಾಯಕತೆಗಿಂತ ಅಪರಾಧಭಾವ ಹಗುರ ಎಂಬುದು ಒಂದು ಕಾರಣ. "ನಾನು ಬೇರೆ ರೀತಿ ಮಾಡಿದ್ದರೆ ಉಳಿಯುತ್ತಿತ್ತು" ಎನ್ನುವವನಿಗೆ ಲೋಕ ತನ್ನ ಕೈಯಲ್ಲಿದೆ ಎಂಬ ಭರವಸೆಯಾದರೂ ಉಳಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ರಾನಿ ಜಾನಫ್ ಬುಲ್ಮನ್ 1979ರಲ್ಲಿ ಸ್ವನಿಂದೆಯಲ್ಲಿ ಎರಡು ಬಗೆಗಳನ್ನು ಗುರುತಿಸಿದರು. ಮಾಡಿದ ಒಂದು ಕೆಲಸವನ್ನು ದೂರಿಕೊಳ್ಳುವುದು ಒಂದು. ತಾನು ಎಂಥ ವ್ಯಕ್ತಿ ಎಂಬುದನ್ನೇ ದೂರಿಕೊಳ್ಳುವುದು ಇನ್ನೊಂದು. "ಹೊಸ ಹಸುವನ್ನು ಬೇರೆ ಕಟ್ಟದೆ ತಪ್ಪು ಮಾಡಿದೆ" ಎಂಬ ಮಾತಿಗೆ ಮುಂದಿನ ದಾರಿಯಿದೆ. "ನಾನು ದನ ಸಾಕಲು ಯೋಗ್ಯನೇ ಅಲ್ಲ" ಎಂಬ ಮಾತಿಗೆ ದಾರಿಯಿಲ್ಲ. ಅದು ಮನುಷ್ಯನನ್ನು ಕತ್ತಲೆಗೆ ಒಯ್ಯುತ್ತದೆ. ಎರಡನೆಯದನ್ನು ಮೊದಲನೆಯದರ ಅಳತೆಗೆ ಇಳಿಸುವುದೇ ಸಾಂತ್ವನದ ಮೊದಲ ಕೆಲಸ.

ಇನ್ನು ಕರ್ನಾಟಕ. 2013ರಲ್ಲಿ ಕಾಲುಬಾಯಿ ರೋಗ ದಕ್ಷಿಣದ ಜಿಲ್ಲೆಗಳಲ್ಲಿ ಸಾವಿರಾರು ರಾಸುಗಳನ್ನು ಕೊಂದಿತು. 2022ರಲ್ಲಿ ಚರ್ಮಗಂಟು ರೋಗ ಬಂತು. ಇಲ್ಲಿ ಸರ್ಕಾರಿ ಬಂದೂಕುಗಳು ಬರಲಿಲ್ಲ; ಸಾವು ಕೊಟ್ಟಿಗೆಯೊಳಗೆ ನಿಧಾನವಾಗಿ ನಡೆಯಿತು. ಬಾಯಿಹುಣ್ಣಿನಿಂದ ಮೇವು ಮುಟ್ಟದ ಹಸುವಿಗೆ ಬಾಯಿ ತೊಳೆದು, ರಾಗಿ ಅಂಬಲಿ ಕುಡಿಸಿ, ಗೊರಸಿನ ಹುಣ್ಣಿಗೆ ಬೇವು ಅರಿಶಿನ ಹಚ್ಚಿ, ರಾತ್ರಿಯಿಡೀ ಪಕ್ಕದಲ್ಲಿ ಕುಳಿತವರು ಬಹುಮಟ್ಟಿಗೆ ಹೆಂಗಸರು. ಡೇರಿಗೆ ಹಾಲು ಹಾಕಿ ಬಂದ ಬಟವಾಡೆಯಲ್ಲಿ ಮನೆ ನಡೆಸುವವರೂ ಅವರೇ. ಹಾಲು ಕಡಿಮೆಯಾದೀತೆಂಬ ಭಯದಿಂದ ಲಸಿಕೆ ಬೇಡವೆಂದವಳು, ಲಸಿಕೆಯವರು ಬಂದ ದಿನ ಕೂಲಿಗೆ ಹೋಗಿದ್ದವಳು ತಿಂಗಳುಗಟ್ಟಲೆ ಅದನ್ನೇ ನೆನೆದು ಕೊರಗುತ್ತಾಳೆ. ಅದರ ಮೇಲೆ ಊರಿನ ಮಾತು ಬೇರೆ: ದೃಷ್ಟಿ ತಗುಲಿತು, ಮಾರಿಗೆ ಹೊತ್ತ ಹರಕೆ ತಪ್ಪಿತು, ಹೊಸ ಸೊಸೆಯ ಕಾಲ್ಗುಣ ಸರಿಯಿಲ್ಲ. ಲಸಿಕೆಯನ್ನು 2ರಿಂದ 8 ಡಿಗ್ರಿ ಉಷ್ಣತೆಯಲ್ಲಿ ಕಾಪಾಡಬೇಕು, ಕರೆಂಟು ಹೋದ ಶೀತಕದಲ್ಲಿ ಅದು ಕೆಡಬಹುದು, ಪಶುವೈದ್ಯರ ಹುದ್ದೆ ಖಾಲಿಯಿರಬಹುದು, ಸಂತೆಯನ್ನು ತಡವಾಗಿ ನಿಲ್ಲಿಸಿರಬಹುದು. ಈ ಯಾವುದೂ ಆ ಹೆಣ್ಣುಮಗಳ ಲೆಕ್ಕಕ್ಕೆ ಬರುವುದಿಲ್ಲ. ಸಂಸ್ಥೆಗಳು ತಮ್ಮ ಪಾಲಿನ ಹೊಣೆಯನ್ನು ಹೊರದಿದ್ದಾಗ ಆ ಭಾರ ಗಾಳಿಯಲ್ಲಿ ತೇಲುವುದಿಲ್ಲ. ಹತ್ತಿರವಿದ್ದ, ದನಿಯಿಲ್ಲದ ವ್ಯಕ್ತಿಯ ತಲೆಯ ಮೇಲೆ ಇಳಿಯುತ್ತದೆ.

2022ರಲ್ಲಿ ರಾಜ್ಯ ಸರ್ಕಾರ ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರ ಘೋಷಿಸಿತು. ಒಳ್ಳೆಯ ಮಿಶ್ರತಳಿ ಹಸುವಿನ ಬೆಲೆ ಅದರ ಎರಡು ಮೂರು ಪಟ್ಟು. ಅದನ್ನು ಕೊಂಡ ಸಾಲದ ಕಂತು ಹಸು ಸತ್ತ ಮೇಲೂ ನಿಲ್ಲುವುದಿಲ್ಲ.

ಪ್ರಗತಿಪರರು ಇಲ್ಲಿ ತಮ್ಮ ಮೌನವನ್ನೂ ಪರೀಕ್ಷಿಸಿಕೊಳ್ಳಬೇಕಾಗಿದೆ. ಗೋವಿನ ಹೆಸರಿನಲ್ಲಿ ದ್ವೇಷ ಬೆಳೆಸುವ ರಾಜಕಾರಣಕ್ಕೆ, 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮಸೂದೆಯಂಥ ಕ್ರಮಗಳಿಗೆ ಅವರು ವಿರೋಧ ಒಡ್ಡಿದ್ದು ಸರಿಯೇ. ಮುದಿ ರಾಸನ್ನು ಮಾರುವ ರೈತನ ಹಕ್ಕು, ಆಹಾರದ ಹಕ್ಕು ಎರಡೂ ಅದರಲ್ಲಿ ಅಡಗಿವೆ. ಆದರೆ ಹಸುವಿನ ಮೇಲಿನ ಪ್ರೀತಿಯ ಮಾತನ್ನಾಡಿದರೆ ಎದುರು ಪಾಳಯದವರಂತೆ ಕೇಳಿಸೀತೆಂಬ ಸಂಕೋಚದಿಂದ ಆ ಪ್ರೀತಿಯ ಭಾಷೆಯನ್ನೇ ಬಿಟ್ಟುಕೊಟ್ಟದ್ದು ಸರಿಯಲ್ಲ. ಕನ್ನಡ ಮಕ್ಕಳೆಲ್ಲ ಬಲ್ಲ ಪುಣ್ಯಕೋಟಿಯ ಹಾಡಿನಲ್ಲಿ ಗೊಲ್ಲ ಹಸುಗಳನ್ನು ಹೆಸರು ಹಿಡಿದು ಕರೆಯುತ್ತಾನೆ. ಸಾಯಲು ಹೊರಟ ತಾಯಿ ತನ್ನ ಕರುವನ್ನು ಉಳಿದ ಹಸುಗಳ ಮಡಿಲಿಗೆ ಒಪ್ಪಿಸುತ್ತಾಳೆ. ಹೆಸರು ಕೂಗಿ ಕರೆಯುವ ಆ ಪ್ರೀತಿ ದನ ಸಾಕಿದವರದು. ಅದನ್ನು ಯಾವ ಪಕ್ಷವೂ ಗುತ್ತಿಗೆ ಹಿಡಿದಿಲ್ಲ.

ಸತ್ತ ದನವನ್ನು ಎಳೆದು, ಹೊತ್ತು, ಹೂತವರ ಮಾತೂ ಬರಬೇಕು. ಕಂಬ್ರಿಯದ ಅಧ್ಯಯನ ಕಳೇಬರ ಸಾಗಿಸಿದವರ ನೋವನ್ನು ರೈತರ ನೋವಿನ ಜೊತೆಗೇ ದಾಖಲಿಸಿತು. ಕರ್ನಾಟಕದಲ್ಲಿ ಆ ಕೆಲಸವನ್ನು ಜಾತಿಯ ಹೆಸರಿನಲ್ಲಿ ಹೊರಿಸಲಾದ ದಲಿತ ಸಮುದಾಯಗಳ ಅನುಭವವನ್ನು ಯಾವ ಪರಿಹಾರದ ಅರ್ಜಿಯೂ ಕೇಳುವುದಿಲ್ಲ. ಒಡೆಯನ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ದನ ಮೇಯಿಸಿದ ಜೀತದಾಳಿನ ದುಃಖ ಒಡೆಯನ ದುಃಖಕ್ಕಿಂತ ಕಡಿಮೆಯೆಂದು ಯಾರು ಅಳೆದಿದ್ದಾರೆ?

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು, ದುಃಖವನ್ನು ದುಃಖವೆಂದು ಕರೆಯುವುದು. ಊರಿನಿಂದ ಕರೆ ಬಂದು ಹಸು ಸತ್ತಿತೆಂದು ತಿಳಿದಾಗ ದೂರದೇಶದ ಮಗ ಅಥವಾ ಮಗಳು ಸಾಮಾನ್ಯವಾಗಿ ಆಡುವ ಮೊದಲ ಮಾತು, "ಹೋಗಲಿ ಬಿಡಮ್ಮ, ದುಡ್ಡು ಕಳಿಸ್ತೀನಿ, ಇನ್ನೊಂದು ತಗೊಳ್ಳಿ." ಆ ಮಾತಿನ ಹಿಂದೆ ಪ್ರೀತಿಯಿದೆ, ಆದರೆ ಕೇಳುವವರ ಬಾಯನ್ನು ಅದು ಮುಚ್ಚಿಸುತ್ತದೆ. ಹಣದ ಮಾತು ಎರಡು ದಿನ ಕಾಯಬಹುದು. ಯಾವ ಹಸು, ಎಷ್ಟು ಸೂಲು ಈದಿತ್ತು, ಕೊನೆಯ ರಾತ್ರಿ ಹೇಗಿತ್ತು, ಕರು ಹಾಲಿಗೆ ಏನು ಮಾಡುತ್ತಿದೆ ಎಂದು ಕೇಳುವುದು ಮೊದಲಾಗಲಿ.

ಎರಡನೆಯದು, "ನಿನ್ನ ತಪ್ಪೇನೂ ಇಲ್ಲ" ಎಂದು ಆತುರದಿಂದ ಹೇಳದಿರುವುದು. ನೊಂದವರು ಅದನ್ನು ನಂಬುವುದಿಲ್ಲ. ಅದರ ಬದಲು ಅವರ ಜೊತೆ ಕುಳಿತು ದಿನಾಂಕವಾರು ಬರೆಯುವುದು ಒಳಿತು. ಮೊದಲು ಏನು ಕಂಡಿತು, ಅಂದು ಏನು ತಿಳಿದಿತ್ತು, ಯಾರಿಗೆ ಫೋನು ಮಾಡಲಾಯಿತು, ವೈದ್ಯರು ಯಾವಾಗ ಬಂದರು, ಕೊನೆಯ ಲಸಿಕೆ ಎಂದು. ಹಾಳೆಯ ಮೇಲೆ ಹೊಣೆ ತಾನಾಗಿ ಪಾಲಾಗುತ್ತದೆ. ತಮ್ಮ ಪಾಲು ಸ್ವಲ್ಪ ಇದ್ದರೂ ಅದು ಇಡೀ ಭಾರವಲ್ಲ ಎಂಬುದು ಕಣ್ಣಿಗೆ ಕಾಣುತ್ತದೆ. ಆ ಪಾಲಿಗೆ ಮುಂದಿನ ರಾಸಿನ ಆರೈಕೆಯಲ್ಲಿ ಪ್ರಾಯಶ್ಚಿತ್ತವೂ ಸಾಧ್ಯ. ಊಟ ನಿದ್ದೆ ಬಿಟ್ಟು, ಬದುಕೇ ಬೇಡವೆಂಬ ಮಾತು ಬಂದರೆ ಮಾತ್ರ ಕಾಯಬಾರದು. ಭಾರತದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ನೆರವು ದೊರೆಯುತ್ತದೆ.

ಮೂರನೆಯದು, ಸಾವಿನ ಕಾರಣವನ್ನು ಲಿಖಿತವಾಗಿ ಕೇಳುವುದು. 2001ರ ನಂತರ ಬ್ರಿಟನ್ನಿನ ರೈತರು ಒಂದೇ ಸಮಗ್ರ ಸಾರ್ವಜನಿಕ ವಿಚಾರಣೆಯನ್ನು ಬೇಡಿದರು. ಸರ್ಕಾರ ಅದನ್ನು ಕೊಡದೆ ಬೇರೆ ಬೇರೆ ಪರಿಶೀಲನೆಗಳನ್ನು ನಡೆಸಿತು. ಆ ರೈತರಿಗೆ ಬೇಕಾಗಿದ್ದದ್ದು ಸೇಡಲ್ಲ, ಏನಾಯಿತೆಂಬ ಬಹಿರಂಗವಾದ ಉತ್ತರ. ಕರ್ನಾಟಕದ ಗ್ರಾಮದಲ್ಲೂ ಮರಣೋತ್ತರ ಪರೀಕ್ಷೆಯ ವರದಿ, ಲಸಿಕೆ ಹಾಕಿದ ದಿನದ ದಾಖಲೆ, ಲಸಿಕೆ ಸಂಗ್ರಹದ ವಿವರ, ಆ ಪಶು ಆಸ್ಪತ್ರೆಯಲ್ಲಿ ಖಾಲಿಯಿರುವ ಹುದ್ದೆಗಳ ಪಟ್ಟಿ ಇವುಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಬಹುದು. ಸಂಕಟದ ಹೊತ್ತಿನಲ್ಲಿ ನಿಧಿ ಸಂಗ್ರಹಿಸಿ ಕಳಿಸುವ ವಲಸಿಗ ಕನ್ನಡ ಸಂಘಗಳು ಪ್ರತಿ ನೆರವಿನ ಜೊತೆಗೆ ಇಂಥ ಒಂದು ಅರ್ಜಿಗೂ ಬೆಂಬಲ ಕೊಡುವುದಾದರೆ ಅದರ ಪ್ರಯೋಜನ ಎರಡು ಬಗೆಯದು. ಸರ್ಕಾರದ ಪಾಲು ಸರ್ಕಾರದ ಮೇಲೆ ಬರುತ್ತದೆ. ಹಾಗೆಯೇ, ರಾತ್ರಿಯೆಲ್ಲ ಅಂಬಲಿ ಕುಡಿಸುತ್ತ ಕುಳಿತಿದ್ದ ಆ ಹೆಣ್ಣುಮಗಳ ಕೈಗೆ ಒಂದು ಕಾಗದ ಬರುತ್ತದೆ. ಕಾಲ್ಗುಣದ ಮಾತನ್ನಾಡಿದ ಮನೆಯವರ ಮುಂದೆ ಅವಳು ಅದನ್ನು ಓದಿ ಹೇಳಬಹುದು.